ಪದ್ಮಿನಿಗೆ ರೀಪೇಂಟ್: ಬೀಡಿಂಗ್, ಮೊನೊಗ್ರಾಂ, ಬಂಪರ್ ಹಾಳಾಗದಂತೆ ಬಿಚ್ಚುವುದು ಹೇಗೆ?

ಮೈಸೂರು ಪದ್ಮಿನಿ:

ಎಲ್ಲರಿಗೂ ನಮಸ್ಕಾರ. ಗಾಡಿ 1978ರ ಪ್ರೀಮಿಯರ್ ಪದ್ಮಿನಿ. ಈಗಿನ ಬಣ್ಣದ ಕೆಳಗೆ ಇನ್ನೆರಡು ಬಣ್ಣ ಇದೆ, ಅಲ್ಲಲ್ಲಿ ತಗ್ಗು ತುಂಬಿದ ಪುಟ್ಟಿ ಬಿಟ್ಟುಕೊಂಡಿದೆ. ತಗಡು ಕಾಣುವವರೆಗೂ ಉಜ್ಜಿಸಿ, ಟಿಂಕರಿಂಗ್ (ತಗಡಿನ ರಿಪೇರಿ) ಮುಗಿಸಿ, ಟೂ-ಕೆ ಪಿಯು ಪೇಂಟ್ (ಹಾರ್ಡನರ್ ಬೆರೆಸಿ ಹೊಡೆಯುವ ಬಗೆ) ಹೊಡೆಸುವ ಯೋಚನೆ. ಗಾಡಿ ಶೆಡ್ಡಿಗೆ ಹೋಗುವ ಮುಂಚೆ ಹೊರಗಿನ ಹೊಳೆಯುವ ಸಾಮಾನನ್ನೆಲ್ಲ ನಾನೇ ಬಿಚ್ಚಿಡಬೇಕು ಅಂತಿದ್ದೇನೆ.

ಪಕ್ಕದ ಬೀಡಿಂಗ್ (ಹೊಳೆಯುವ ಲೋಹದ ಪಟ್ಟಿ) ಮಡ್‌ಗಾರ್ಡ್‌ನಿಂದ ಹಿಂಭಾಗದವರೆಗೆ ಒಂದೊಂದು ಕಡೆಗೆ ನಾಲ್ಕು ತುಂಡು. ಹೊರಗೆ ಒಂದು ಸ್ಕ್ರೂ ಕೂಡ ಕಾಣುವುದಿಲ್ಲ. ಎಲ್ಲಿಂದ ಶುರು ಮಾಡಬೇಕು? ಡಿಕ್ಕಿ ಮೇಲಿನ ಮೊನೊಗ್ರಾಂ, ಅಂದರೆ ಗಾಡಿಯ ಹೆಸರು, ತೆಳ್ಳಗಿನ ಅಕ್ಷರಗಳದ್ದು, ಮುರಿದರೆ ಬೇರೆ ಸಿಗುವುದು ಕಷ್ಟ. ಮುಂದಿನ ಗ್ಲಾಸಿನ ರಬ್ಬರೊಳಗೆ ಕೂತಿರುವ ಬೀಡಿಂಗನ್ನೂ ತೆಗೆಯಲೇಬೇಕಾ? ಬಂಪರ್ ಬೋಲ್ಟುಗಳು ನಟ್ ತಿರುಗಿಸಿದರೆ ತಲೆ ಸಮೇತ ಸುತ್ತುತ್ತವೆ. ಪೇಂಟರ್ ಹೇಳುವುದು ಒಂದೇ ಮಾತು: "ಬಿಚ್ಚಿದರೆ ಬೆಂಡಾಗುತ್ತೆ, ಟೇಪ್ ಹಾಕಿ ಹೊಡೆದುಬಿಡೋಣ." ಅವರು ಹೇಳುವುದರಲ್ಲಿ ಹುರುಳಿದೆಯಾ?

ನಟ್ಟುಬೋಲ್ಟು:

ಅರ್ಧ ಹುರುಳಿದೆ. ಗೊತ್ತಿಲ್ಲದೆ ಎತ್ತಿದರೆ ಬೆಂಡಾಗುವುದು ನಿಜ. ಆದರೆ ಟೇಪ್ ಹಾಕಿ ಹೊಡೆದರೆ ಪೇಂಟು ಟೇಪಿನ ಅಂಚಿಗೆ ದಪ್ಪನೆಯ ಏಣಾಗಿ ನಿಲ್ಲುತ್ತೆ. ಬೀಡಿಂಗು, ತಗಡು ಎರಡೂ ಬಿಸಿಲಿಗೆ ಒಂದೇ ಸಮ ಹಿಗ್ಗುವುದಿಲ್ಲ, ಬಾಗಿಲು ಹಾಕಿದಾಗಲೆಲ್ಲ ಅದುರುತ್ತೆ. ಸ್ವಲ್ಪ ದಿನದಲ್ಲೇ ಆ ಗೆರೆಯಲ್ಲಿ ಕೂದಲೆಳೆ ಬಿರುಕು ಬಿಟ್ಟು ನೀರು ಹೋಗುತ್ತೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು: ಈ ಗಾಡಿಗಳಲ್ಲಿ ಪಕ್ಕದ ತಗಡಿಗೆ ತುಕ್ಕು ಬರುವ ದಾರಿಗಳಲ್ಲಿ ಬೀಡಿಂಗ್ ಹಿಂದಿನ ಕ್ಲಿಪ್ ತೂತೂ ಒಂದು. ಪೂರ್ತಿ ಉಜ್ಜಿಸಿ ಅದನ್ನೊಂದೇ ಮುಟ್ಟದೆ ಬಿಟ್ಟರೆ ಹೊಸ ಪೇಂಟು ಒಳಗಿನಿಂದಲೇ ಗುಳ್ಳೆ ಏಳುತ್ತೆ.

ಈಗ ಬಿಚ್ಚುವ ವಿಷಯ. ಹೊರಗಿನಿಂದ ಎತ್ತುವ ಮುಂಚೆ ಒಳಗಿನಿಂದ ನೋಡಿ. ಬೀಡಿಂಗ್ ಕೆಟ್ಟುಹೋಗುವುದು ಬಹುಪಾಲು ಹಿಂದೆ ನಟ್ ಇರುವುದು ಗೊತ್ತಿಲ್ಲದೆ ಮುಂದಿನಿಂದ ಮೀಟಿದಾಗ. ಹಿಡಿತ ಸಾಮಾನ್ಯವಾಗಿ ಮೂರು ಬಗೆ. ಒಂದು, ಪಟ್ಟಿಯ ಮಡಿಚಿದ ಅಂಚಿನೊಳಗೆ ಕೂತ ಸ್ಪ್ರಿಂಗ್ ಕ್ಲಿಪ್; ಅದರ ಕಾಲುಗಳು ಬಾಡಿಯ ತೂತಿನೊಳಗೆ ಬಿಗಿದುಕೊಂಡಿರುತ್ತವೆ, ಮೀಟಿದರೆ ಬರುತ್ತೆ. ಎರಡು, ಪಟ್ಟಿಯ ಕಾಲುವೆಯೊಳಗೆ ಚಪ್ಪಟೆ ತಲೆಯ ಪುಟ್ಟ ಬೋಲ್ಟ್, ಹಿಂದೆ ವಾಷರ್ ಮತ್ತು ನಟ್. ಇದು ಹೆಚ್ಚಾಗಿ ಪ್ರತಿ ತುಂಡಿನ ತುದಿಗಳಲ್ಲಿ ಇರುತ್ತೆ. ಮೀಟಿದರೆ ಪಟ್ಟಿಯ ಅಂಚು ಹರಿದು ಹೋಗುತ್ತೆ. ಮೂರನೆಯದು, ಕ್ಲಿಪ್ಪನ್ನೇ ಬಾಡಿಗೆ ರಿವೆಟ್ ಹೊಡೆದಿರುತ್ತಾರೆ, ಪಟ್ಟಿ ಅದರ ಮೇಲೆ ಕಚ್ಚಿ ಕೂತಿರುತ್ತೆ. ಕೆಳ ಅಂಚನ್ನು ಬಿಡಿಸಿ ಮೇಲಕ್ಕೆ ಹೊರಳಿಸಿದರೆ ಬರುತ್ತೆ. ನಿಮ್ಮದು 1978ರದು, ಈಗಾಗಲೇ ಎರಡು ಸಲ ಪೇಂಟ್ ಆಗಿದೆ. ಹಾಗಾಗಿ ಮೂರೂ ಬಗೆ, ಜೊತೆಗೆ ಯಾರೋ ಹಾಕಿದ ಅಂಟು, ಒಂದೇ ಗಾಡಿಯಲ್ಲಿ ಸಿಕ್ಕರೆ ಆಶ್ಚರ್ಯ ಬೇಡ.

ಬಾಗಿಲಿನಿಂದ ಶುರು ಮಾಡಿ, ಅಲ್ಲಿ ಒಳಗಡೆ ಕೈ ಹೋಗುತ್ತೆ. ಗ್ಲಾಸ್ ಇಳಿಸುವ ಹ್ಯಾಂಡಲ್ ಬುಡದ ಬಿಲ್ಲೆಯನ್ನು ಪ್ಯಾಡಿನ ಕಡೆಗೆ ಒತ್ತಿ ನೋಡಿ, ಅಡ್ಡ ಪಿನ್ ಕಂಡರೆ ತೆಳ್ಳಗಿನ ಮೊಳೆಯಲ್ಲಿ ತಳ್ಳಿ. ಪಿನ್ ಇಲ್ಲದಿದ್ದರೆ ಸ್ಕ್ರೂ ಇಲ್ಲವೇ ಅರ್ಧಚಂದ್ರದ ಕ್ಲಿಪ್ ಇರುತ್ತೆ. ಡೋರ್ ಪ್ಯಾಡ್ ತೆಗೆದ ಮೇಲೆ ಟಾರ್ಚ್ ಬಿಟ್ಟು ಬೀಡಿಂಗ್ ಎತ್ತರದಲ್ಲಿ ಉದ್ದಕ್ಕೂ ನೋಡಿದರೆ ಕ್ಲಿಪ್ಪಿನ ಕಾಲೂ ನಟ್ಟೂ ಸ್ಪಷ್ಟವಾಗಿ ಕಾಣುತ್ತವೆ. ಮುಂದಿನ ಮಡ್‌ಗಾರ್ಡ್‌ಗೆ ಚಕ್ರ ಬಿಚ್ಚಿ ಕೆಳಗಿನಿಂದ ನೋಡಬೇಕು, ಹಳೆಯ ಟಾರು ಮಣ್ಣು ಕೆರೆದರೆ ಮಾತ್ರ ನಟ್ ಸಿಗುತ್ತೆ. ಹಿಂದಿನದಕ್ಕೆ ಡಿಕ್ಕಿಯೊಳಗಿನ ಪಕ್ಕದ ರಟ್ಟು ತೆಗೆಯಿರಿ.

ನಟ್ಟುಗಳು ಚಿಕ್ಕವು. ನಾಲ್ಕು ಮಿಲಿಮೀಟರ್ ಬೋಲ್ಟಾದರೆ 7ರ ಪಾನಾ, ಐದರದ್ದಾದರೆ 8. ಫ್ಲಾಟ್ ಸ್ಪ್ಯಾನರ್ ಬೇಡ, ಬಾಕ್ಸ್ ಸ್ಪ್ಯಾನರ್ ಇಲ್ಲವೇ ಉದ್ದನೆಯ ಟಿ-ಪಾನಾ ಇರಲಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಮೊದಲು ಒಂದು ಕೂದಲಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ. ತುಕ್ಕಿನ ಹಿಡಿತ ಒಡೆಯುವುದು ಆ ಮೊದಲ ಚಲನೆಯಲ್ಲಿ. ಬೋಲ್ಟೇ ಸುತ್ತಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ. ಅದರ ತಲೆ ಪಟ್ಟಿಯ ಅಂಚನ್ನು ಅಗಲಿಸುತ್ತಾ ಸುತ್ತುತ್ತಿದೆ ಎಂದರ್ಥ. ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಹಿಡಿದು ನಟ್ಟನ್ನೇ ಕೊಯ್ಯಿರಿ. ಬೋಲ್ಟ್ ಹೋದರೆ ಹೋಗಲಿ, ಪಟ್ಟಿ ಉಳಿಯಬೇಕು.

ಎಲ್ಲ ನಟ್ ಹೋದ ಮೇಲೆ ಮೀಟುವ ಕೆಲಸ. ಒಂದಿಂಚು ಅಗಲದ ಪುಟ್ಟಿ ಬ್ಲೇಡಿನ ಮೂಲೆಗಳನ್ನು ಅರದಿಂದ ಗುಂಡಗೆ ಮಾಡಿ ಎರಡು ಸುತ್ತು ಟೇಪ್ ಸುತ್ತಿ. ಕ್ಲಿಪ್ ಎಲ್ಲಿದೆ ಅಂತ ತಿಳಿಯಲು ಹಳೆಯ ಎಕ್ಸ್‌ರೇ ಫಿಲಂ ಪಟ್ಟಿ ಕತ್ತರಿಸಿ ಬೀಡಿಂಗ್ ಹಿಂದೆ ತೂರಿಸಿ ಸರಿಸುತ್ತಾ ಹೋಗಿ, ತಡೆದ ಕಡೆ ಕ್ಲಿಪ್. ಅಲ್ಲೊಂದು ಗುರುತು ಹಾಕಿ. ಬ್ಲೇಡನ್ನು ಕ್ಲಿಪ್ಪಿನ ಬುಡದಲ್ಲೇ ಇಟ್ಟು ಎರಡು ಮೂರು ಮಿಲಿಮೀಟರ್ ಮಾತ್ರ ಎತ್ತಿ, ಮುಂದಿನ ಕ್ಲಿಪ್ಪಿಗೆ ಹೋಗಿ, ಹೀಗೆ ಉದ್ದಕ್ಕೂ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನಿಂದ. ಎರಡು ಕ್ಲಿಪ್ಪಿನ ನಡುವೆ ಮೀಟಬಾರದು. ಒಂದು ತುದಿ ಹಿಡಿದು ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಎಳೆಯಲೂ ಬಾರದು. ಹಾಗೆ ಎಳೆದರೆ ಮುಂದಿನ ಕ್ಲಿಪ್ಪಿನ ಜಾಗದಲ್ಲಿ ಪಟ್ಟಿ ಮಡಚುತ್ತೆ, ಆ ಮಡಿಕೆ ಎಷ್ಟು ತಟ್ಟಿದರೂ ಬಿಸಿಲಲ್ಲಿ ಗೆರೆಯಾಗಿ ಕಾಣುತ್ತೆ. ಬ್ಲೇಡಿನ ಕೆಳಗೆ ಹಳೆಯ ಎಟಿಎಂ ಕಾರ್ಡ್ ಇಡಿ. ಬಣ್ಣ ಹೇಗೂ ಹೋಗುತ್ತೆ, ಆದರೆ ತಗಡು ತಗ್ಗಿದರೆ ಪುಟ್ಟಿ ಬೀಳುತ್ತೆ.

ಬಂದ ತುಂಡಿನ ಒಳಮೈಗೆ ಆಗಲೇ ಟೇಪ್ ಅಂಟಿಸಿ "ಎಡ, ಮುಂದಿನ ಬಾಗಿಲು, ಬಾಣ ಮುಂದಕ್ಕೆ" ಅಂತ ಬರೆಯಿರಿ. ಎರಡು ಬಾಗಿಲಿನದೂ ನೋಡಲು ಒಂದೇ ತರ ಇರುತ್ತೆ, ತುದಿಯ ಕೊಯ್ತ ಮಾತ್ರ ಬೇರೆ. ಎರಡಿಂಚಿನ ಪಿವಿಸಿ ಪೈಪಿನೊಳಗೆ ಬಟ್ಟೆ ಸುತ್ತಿ ಇಟ್ಟರೆ ಯಾರೂ ತುಳಿಯುವುದಿಲ್ಲ.

ಬಂಪರ್: ಆ ಬೋಲ್ಟಿನ ಗುಂಡು ತಲೆಯ ಕೆಳಗೆ ಚೌಕದ ಕತ್ತು ಇರುತ್ತೆ, ಅದು ಬಂಪರಿನ ಚೌಕ ತೂತಿನಲ್ಲಿ ಕೂತರೆ ಸುತ್ತುವುದಿಲ್ಲ. ತೂತು ತುಕ್ಕು ತಿಂದು ಗುಂಡಗಾಗಿದೆ. ಬಂಪರಿಗೂ ಬ್ರಾಕೆಟ್ಟಿಗೂ ನಡುವೆ ಮರದ ಬೆಣೆ ಹೊಡೆದು ಬಿಗಿತ ಕೊಡಿ. ಕತ್ತು ತೂತಿನೊಳಗೆ ಎಳೆದುಕೊಂಡು ಎಷ್ಟೋ ಸಲ ಹಿಡಿಯುತ್ತೆ. ಹಿಡಿಯದಿದ್ದರೆ ಬಂಪರನ್ನು ಬ್ರಾಕೆಟ್ ಸಮೇತ ಚಾಸಿಯಿಂದ ಬಿಚ್ಚಿ ಕೆಳಗಿಳಿಸಿ, ನೆಲದ ಮೇಲೆ ನಟ್ ಕೊಯ್ಯುವುದು ಸುಲಭ. ಬ್ರಾಕೆಟ್ ಹಿಂದೆ ವಾಷರುಗಳ ಪೇರಿ ಇದ್ದರೆ ಯಾವ ಕಡೆ ಎಷ್ಟು ಅಂತ ಬರೆದಿಡಿ, ಇಲ್ಲದಿದ್ದರೆ ಬಂಪರ್ ಮತ್ತೆ ನೆಟ್ಟಗೆ ಕೂರುವುದಿಲ್ಲ.

ಹೆಡ್‌ಲೈಟ್ ರಿಮ್ಮಿನ ಸ್ಕ್ರೂ ತಲೆ ಸವೆದಿದ್ದರೆ ಸ್ಕ್ರೂಡ್ರೈವರ್ ತುದಿಗೆ ಚೂರು ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಒತ್ತಿ ತಿರುಗಿಸಿ. ಅದರ ಹರಳು ಕಚ್ಚಿಕೊಳ್ಳುತ್ತೆ.

ಗ್ಲಾಸ್ ರಬ್ಬರ್:

ಮುಂದಿನ ಗ್ಲಾಸಿನ ಬಗ್ಗೆ ನಾನು ಹೇಳುತ್ತೇನೆ. ತಗಡಿನವರೆಗೆ ಉಜ್ಜಿಸುವುದಾದರೆ ಗ್ಲಾಸ್ ಹೊರಗೆ ಬರಲೇಬೇಕು. ಗ್ಲಾಸ್ ಕೂರುವ ತಗಡಿನ ಅಂಚಿನಲ್ಲಿ, ಅದರಲ್ಲೂ ಕೆಳಗಿನ ಎರಡು ಮೂಲೆಯಲ್ಲಿ, ನೀರು ನಿಂತು ತಿಂದಿರುತ್ತದೆ. ಮಳೆಯಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಕಾರ್ಪೆಟ್ ಒದ್ದೆಯಾಗುವ ಗಾಡಿಗಳಲ್ಲಿ ಮೊದಲು ನೋಡಬೇಕಾದ ಜಾಗ ಅದು.

ಆದರೆ ಗ್ಲಾಸ್ ಇದ್ದಂತೆಯೇ ಬೀಡಿಂಗನ್ನು ರಬ್ಬರಿನಿಂದ ಕೀಳಬೇಡಿ. ಹಳೆಯ ರಬ್ಬರ್ ಕಲ್ಲಾಗಿರುತ್ತದೆ, ತೆಳು ಪಟ್ಟಿ ಅದರೊಳಗೆ ಮುಳುಗಿರುತ್ತದೆ, ಮೂಲೆಯ ತಿರುವಿನಲ್ಲಿ ಸೊಟ್ಟಗಾದರೆ ಮತ್ತೆ ಆ ಆಕಾರಕ್ಕೆ ತರುವುದು ಬಲು ಕಷ್ಟ. ಹೊಸ ರಬ್ಬರ್ ಹೇಗೂ ಹಾಕಿಸುತ್ತೀರಿ, ಹಳೆಯದನ್ನು ಬಲಿ ಕೊಡಿ. ಗಾಡಿಯ ಒಳಗೆ ಕೂತು, ತಗಡಿನ ಅಂಚಿನ ಮೇಲೆ ಹತ್ತಿ ಕೂತಿರುವ ರಬ್ಬರಿನ ತುಟಿಯನ್ನು ಬ್ಲೇಡಿನಿಂದ ಸುತ್ತಲೂ ಕೊಯ್ದು ತೆಗೆಯಿರಿ. ಆಮೇಲೆ ಹೊರಗೆ ಒಬ್ಬರು ನಿಂತು ಹಿಡಿಯಲಿ, ಒಳಗಿನಿಂದ ಮೇಲಿನ ಮೂಲೆಯ ಹತ್ತಿರ ಅಂಗೈಯಲ್ಲಿ ಸಮನಾಗಿ ಒತ್ತಿ. ಗ್ಲಾಸು, ರಬ್ಬರು, ಬೀಡಿಂಗು ಒಟ್ಟಿಗೇ ಹೊರಬರುತ್ತವೆ. ಕಂಬಳಿ ಹಾಸಿದ ಮೇಜಿನ ಮೇಲೆ ಇಟ್ಟು ರಬ್ಬರನ್ನು ಸೀಳಿದರೆ ಬೀಡಿಂಗ್ ತಾನೇ ಬಿಟ್ಟುಕೊಳ್ಳುತ್ತದೆ. ಮೇಲೆ ಕೆಳಗೆ ಜೋಡಣೆ ಮುಚ್ಚುವ ಸಣ್ಣ ತಗಡಿನ ತುಂಡುಗಳು ಇದ್ದರೆ ಕಳೆದುಕೊಳ್ಳಬೇಡಿ, ಬಿಡಿಯಾಗಿ ಸಿಗುವ ಸಾಮಾನಲ್ಲ.

ಗ್ಲಾಸ್ ಟಫನ್ಡ್ ಇದ್ದರೆ ಅಂಚಿಗೆ ಒಂದು ಸಣ್ಣ ಏಟು ಬಿದ್ದರೂ ಪೂರ್ತಿ ಪುಡಿಯಾಗುತ್ತದೆ, ಕಾಲಲ್ಲಿ ಒದ್ದು ತಳ್ಳುವ ಪದ್ಧತಿ ಬೇಡ. ಲ್ಯಾಮಿನೇಟೆಡ್ ಇದ್ದರೆ ಒಂದೇ ಕಡೆ ಭಾರ ಬಿದ್ದು ಬಿರುಕು ಬಿಡುತ್ತದೆ. ಯಾವುದು ಅಂತ ಮೂಲೆಯ ಮುದ್ರೆ ನೋಡಿ.

ತಿರುಗಿ ಕೂರಿಸುವಾಗ ಬೀಡಿಂಗನ್ನು ರಬ್ಬರಿನಲ್ಲಿ ಮೊದಲೇ ಹಾಕಿ, ಆಮೇಲೆ ರಬ್ಬರಿನ ತೋಡಿನಲ್ಲಿ ಹುರಿ ಸುತ್ತಿ, ಸೋಪಿನ ನೀರು ಹಚ್ಚಿ ಒಳಗಿನಿಂದ ಹುರಿ ಎಳೆದು ತುಟಿ ಹತ್ತಿಸುವುದು. ಗ್ಲಾಸ್ ಕೂತ ಮೇಲೆ ಬೀಡಿಂಗ್ ತುರುಕಲು ಹೋದರೆ ಹೊಸ ಪೇಂಟಿಗೆ ಗೀರು ಖಂಡಿತ.

ಹುಬ್ಬಳ್ಳಿ ಟಿಂಕರ್:

ಬಿಚ್ಚೋದು ಎಲ್ಲಾರೂ ಛಲೋ ಹೇಳ್ಯಾರ. ಪೇಂಟಿಂದು ಒಂದು ಮಾತು ಹೇಳ್ತೀನ್ರಿ. ಹಳೇ ಗಾಡಿಗೆ ವರ್ಷಾನುಗಟ್ಟಲೆ ವ್ಯಾಕ್ಸು, ಸಿಲಿಕೋನ್ ಪಾಲಿಶು ಹಚ್ಚಿರ್ತಾರ. ಅದೆಲ್ಲಾ ಬೀಡಿಂಗ್ ಹಿಂದ ಸೇರಿ ಕುಂತಿರತೈತಿ. ಮ್ಯಾಲ ನೀವು ಡಬ್ಲ್ಯೂಡಿ-40 ಬ್ಯಾರೆ ಹೊಡೀತೀರಿ. ಬೀಡಿಂಗ್ ಬಿಚ್ಚಿದ ಕೂಡ್ಲೇ ಎಮರಿ (ಉಜ್ಜೋ ಕಾಗದ) ಹಿಡೀಬ್ಯಾಡ್ರಿ. ಮೊದ್ಲು ಸೋಪಿನ ನೀರಾಗ ತೊಳೀರಿ, ಆಮ್ಯಾಲ ವ್ಯಾಕ್ಸ್-ಗ್ರೀಸ್ ರಿಮೂವರ್ ಹಾಕಿ ಒಂದು ಬಟ್ಟೀಲೆ ಒರಸ್ರಿ, ಅದು ಆರೋದ್ರೊಳಗ ಇನ್ನೊಂದು ಸ್ವಚ್ಛ ಬಟ್ಟೀಲೆ ತಗೀರಿ. ಆಮ್ಯಾಲ ಎಮರಿ. ಉಲ್ಟಾ ಮಾಡಿದ್ರ ಸಿಲಿಕೋನ್ ಎಮರಿ ಗೀರಿನೊಳಗ ಕುಂತು, ಪೇಂಟ್ ಹೊಡದ ಮ್ಯಾಲ ಆ ಗೆರಿ ಉದ್ದಕ್ಕೂ ಫಿಶ್‌ಐ (ಪೇಂಟ್ ಹಿಡೀದ ಸಣ್ಣ ಗುಂಡು ಗುಂಡಿ) ಬೀಳ್ತಾವ. ಅವಾಗ ಪೇಂಟರ್‌ನ ಬೈದು ಉಪಯೋಗಿಲ್ಲ.

ಇನ್ನೊಂದು, ಹೊರಗಿನ ಡೋರ್ ಹ್ಯಾಂಡಲ್ ಬಿಚ್ಚಿದ ಮ್ಯಾಲ ಬಾಗ್ಲಾ ಪೂರ್ತಿ ಹಾಕಬ್ಯಾಡ್ರಿ. ಒಳಗಿನ ಲಿವರ್ ಇದ್ರ ಇರ್ಲಿ, ಇಲ್ಲಾಂದ್ರ ಲಾಕಿಗೆ ಒಂದು ಹಗ್ಗ ಕಟ್ಟಿ ಹೊರಗ ಬಿಡ್ರಿ. ಶೆಡ್ಡಿನ ಹುಡುಗ್ರು ದಬಾಕ್ಕಂತ ಹಾಕಿಬಿಡ್ತಾರ.

ಮೈಸೂರು ಪದ್ಮಿನಿ:

ಎಲ್ಲರಿಗೂ ಧನ್ಯವಾದ. ಬಾಗಿಲುಗಳ ಬೀಡಿಂಗ್ ನೆಟ್ಟಗೆ ಬಂದವು, ಎಕ್ಸ್‌ರೇ ಫಿಲಂ ಉಪಾಯ ಚೆನ್ನಾಗಿ ಕೆಲಸ ಮಾಡಿತು. ಈಗ ಎರಡು ತೊಡಕು. ಬಲಗಡೆ ಹಿಂದಿನ ತುಂಡಿನ ಹಿಂದೆ ನಟ್ಟೂ ಇಲ್ಲ, ಕ್ಲಿಪ್ ಕಾಲೂ ಇಲ್ಲ. ಡಿಕ್ಕಿ ಒಳಗಿನಿಂದ ನೋಡಿದರೆ ಅಲ್ಯೂಮಿನಿಯಂ ರಿವೆಟ್‌ನ ಬಾಲ ಕಾಣುತ್ತಿದೆ. ಮೊನೊಗ್ರಾಂ ಹಿಂದೆ ಮೂರು ಕಾಲಿರಬೇಕಾದ ಕಡೆ ಎರಡೇ ಇವೆ, ಮೂರನೆಯ ತೂತಿನಲ್ಲಿ ಎಂ-ಸೀಲ್ ತುಂಬಿದ್ದಾರೆ. ಹಿಂದೆ ಯಾರೋ ಮುರಿದು ಅಂಟಿಸಿದ ಹಾಗಿದೆ.

ನಟ್ಟುಬೋಲ್ಟು:

ರಿವೆಟ್ ಮುಂದಿನಿಂದ ಕಾಣುವುದಿಲ್ಲ ಅಂದರೆ ಹಿಂದೆ ಹೇಳಿದ ಮೂರನೆಯ ಬಗೆ. ಬಾಡಿಗೆ ಕ್ಲಿಪ್ ರಿವೆಟ್ ಮಾಡಿ ಮೇಲೆ ಪಟ್ಟಿ ಕಚ್ಚಿಸಿದ್ದಾರೆ, ಬಹುಶಃ ಹಿಂದಿನ ಟಿಂಕರಿಂಗ್ ಸಮಯದಲ್ಲಿ. ಕೆಳ ಅಂಚಿನಿಂದ ಹೊರಳಿಸಿ ನೋಡಿ. ಆಮೇಲೆ ಕ್ಲಿಪ್ಪಿನ ರಿವೆಟ್ಟನ್ನು ಡ್ರಿಲ್ ಮಾಡಿ ತೆಗೆಯಬಹುದು. ಎಂಟನೇ ಒಂದಿಂಚಿನ ರಿವೆಟ್ಟಾದರೆ 3.2 ಮಿಮೀ ಬಿಟ್ ಸಾಕು. ರಿವೆಟ್ಟಿನ ತಲೆ ಮಾತ್ರ ಹೋಗಲಿ, ಒತ್ತಿದರೆ ತಗಡಿನ ತೂತು ಅಗಲವಾಗುತ್ತೆ, ಆಮೇಲೆ ಯಾವ ಕ್ಲಿಪ್ಪೂ ನಿಲ್ಲುವುದಿಲ್ಲ. ಕೆಳಗೆ ಬಿದ್ದ ಅಲ್ಯೂಮಿನಿಯಂ ಚೂರುಗಳನ್ನು ಡಿಕ್ಕಿ ಪಕ್ಕದ ಗುಂಡಿಯಿಂದ ವ್ಯಾಕ್ಯೂಮ್ ಮಾಡಿ, ಒದ್ದೆಯಲ್ಲಿ ಬಿದ್ದಿದ್ದರೆ ಅಲ್ಲೇ ತುಕ್ಕಿಗೆ ದಾರಿ.

ಮೊನೊಗ್ರಾಂ ಬಹುಪಾಲು ಸತುವಿನ ಎರಕ, ಮೇಲೆ ಕ್ರೋಮ್. ಈ ಎರಕ ಬಾಗುವುದಿಲ್ಲ, ಪಟ್ ಅಂತ ಮುರಿಯುತ್ತೆ. ಉಳಿದ ಎರಡು ಕಾಲಿಗೆ ಹಿಂದಿನಿಂದ ಸ್ಪೀಡ್ ನಟ್ (ಒತ್ತಿ ಕೂರಿಸುವ ತೆಳು ತಗಡಿನ ನಟ್) ಇದ್ದರೆ ಅದನ್ನು ಪ್ಲೇಯರಲ್ಲಿ ತಿರುಚಬೇಡಿ, ಕಾಲೇ ತಿರುಚಿ ಬರುತ್ತೆ. ಆ ನಟ್ಟಿನ ತೆಳು ರೆಕ್ಕೆಯನ್ನು ಸಣ್ಣ ಕಟರಿನಲ್ಲಿ ಕತ್ತರಿಸಿ ಬಿಡಿಸಿ. ಎಂ-ಸೀಲ್ ಇರುವ ಕಡೆ ಹೀಟ್ ಗನ್ ದೂರದಿಂದ ಆಡಿಸುತ್ತಾ ಬಿಸಿ ಮಾಡಿ. ಹೇರ್ ಡ್ರೈಯರ್ ಬಿಸಿ ಅದಕ್ಕೆ ಸಾಲುವುದಿಲ್ಲ. ಅಂಟು ಮೆತ್ತಗಾದಾಗ ಮೀನು ಹಿಡಿಯುವ ನೈಲಾನ್ ದಾರವನ್ನು ಅಕ್ಷರದ ಹಿಂದೆ ಹಾಕಿ ಗರಗಸದ ಹಾಗೆ ಆಚೆ ಈಚೆ ಎಳೆಯಿರಿ. ಬ್ಲೋ ಲ್ಯಾಂಪ್ ಹತ್ತಿರಕ್ಕೂ ತರಬೇಡಿ, ಸತುವಿನ ಎರಕ 400 ಡಿಗ್ರಿಗೂ ಮುಂಚೆ ಕರಗುತ್ತೆ, ಅದಕ್ಕೂ ಮೊದಲು ಕ್ರೋಮ್ ಗುಳ್ಳೆ ಏಳುತ್ತೆ.

ಮುರಿದ ಕಾಲಿಗೆ: ಅಕ್ಷರದ ಹಿಂಭಾಗದಲ್ಲಿ ದಪ್ಪ ಸಾಕಷ್ಟಿದ್ದರೆ 2.5 ಮಿಮೀ ತೂತು, ಮೂರು ಮಿಲಿಮೀಟರ್ ಆಳಕ್ಕೆ. ಬಿಟ್ಟಿಗೆ ಆ ಅಳತೆಯಲ್ಲಿ ಟೇಪ್ ಸುತ್ತಿ, ಇಲ್ಲದಿದ್ದರೆ ಮುಂದಕ್ಕೆ ಬಂದುಬಿಡುತ್ತೆ. ಎಂ-3 ಟ್ಯಾಪ್ ಹಾಕಿ ತೂತಿನೊಳಗೆ ತ್ರೆಡ್ ಕೊರೆದು, ತಲೆ ಕತ್ತರಿಸಿದ ಎಂ-3 ಸ್ಕ್ರೂ ಅನ್ನು ಎಪಾಕ್ಸಿ ಹಚ್ಚಿ ಕೂರಿಸಿ. ದಪ್ಪ ಇಲ್ಲದಿದ್ದರೆ ಹಟ ಬೇಡ. ಎರಡು ಕಾಲು ಜಾಗ ತೋರಿಸಿದರೆ ಸಾಕು, ಮೂರನೆಯದರ ಕಡೆ ಹೊರಗೆ ಬಳಸುವ ಒಳ್ಳೆಯ ಡಬಲ್ ಸೈಡ್ ಫೋಮ್ ಟೇಪ್ ಹಿಡಿಯುತ್ತೆ.

ಅಂಬಿ ಮಾರ್ಕ್ 3:

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಇದೇ ಕ್ರಮ ಅಂಬಾಸಡರ್‌ಗೂ ಆಗುತ್ತಾ?

ನಟ್ಟುಬೋಲ್ಟು:

ಕ್ರಮ ಅದೇ, ಪಾನಾ ಬೇರೆ. ಅದು ಮಾರಿಸ್ ಆಕ್ಸ್‌ಫರ್ಡ್ ವಂಶದ್ದು, ನಟ್ಟುಗಳು ಇಂಚಿನ ಲೆಕ್ಕದಲ್ಲಿ: 7/16, 1/2, 9/16. ಅರ್ಧ ಇಂಚಿನ ನಟ್ಟಿಗೆ 13ರ ಪಾನಾ ಹೋಗುತ್ತೆ, ಆದರೆ ಚೂರು ಸಡಿಲ. ತುಕ್ಕು ಹಿಡಿದ ನಟ್ಟಿನ ಮೂಲೆ ಸವೆಯುವುದು ಹೀಗೆಯೇ. ಇಂಚಿನ ಸೆಟ್ ಒಂದು ತೆಗೆದುಕೊಳ್ಳಿ.

ಕ್ರೋಮ್ ಕೆಲಸ:

ಪ್ಲೇಟಿಂಗ್‌ಗೆ ಕೊಡುವ ಮುಂಚೆ ಯಾವುದು ಯಾವ ಲೋಹ ಅಂತ ವಿಂಗಡಿಸಿ, ಇಲ್ಲದಿದ್ದರೆ ಅಂಗಡಿಯಲ್ಲಿ ಎಲ್ಲವೂ ಒಂದೇ ತೊಟ್ಟಿಗೆ ಬೀಳುತ್ತದೆ. ಬಂಪರ್ ಉಕ್ಕು, ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುತ್ತದೆ. ಬೀಡಿಂಗ್‌ಗೆ ಮ್ಯಾಗ್ನೆಟ್ ಹಿಡಿದರೂ ಅದು ಕ್ರೋಮ್ ಹಾಕಿದ ಉಕ್ಕು ಅಂತ ತಿಳಿಯಬೇಡಿ. ಗಾಡಿ ಬೀಡಿಂಗ್‌ಗೆ ಬಳಸುವ ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲಿಗೂ ಮ್ಯಾಗ್ನೆಟ್ ಹಿಡಿಯುತ್ತದೆ. ಒಳಮೈ ನೋಡಿ: ಕೆಂಪು ತುಕ್ಕಿದ್ದರೆ ಉಕ್ಕು, ಮಣ್ಣು ತೊಳೆದರೆ ಬೆಳ್ಳಗಿದ್ದರೆ ಸ್ಟೇನ್‌ಲೆಸ್. ತೀರಾ ಹಗುರ, ಬೆರಳಲ್ಲೇ ಬಾಗುತ್ತದೆ ಅಂದರೆ ಅಲ್ಯೂಮಿನಿಯಂ. ಭಾರವಾಗಿದ್ದು ಮೇಲೆ ಸಣ್ಣ ಮೊಡವೆ ಎದ್ದಿದ್ದರೆ ಸತುವಿನ ಎರಕ.

ಸ್ಟೇನ್‌ಲೆಸ್‌ಗೆ ಕ್ರೋಮ್ ಬೇಕಿಲ್ಲ, ಬಫಿಂಗ್ ಸಾಕು. ತಗ್ಗಿದ್ದರೆ ಪಟ್ಟಿಯನ್ನು ಗಟ್ಟಿ ಮರದ ಮೇಲೆ ಮಗುಚಿ ಹಾಕಿ, ಒಳಗಿನಿಂದ ಗುಂಡು ತುದಿಯ ಪಂಚಿನಲ್ಲಿ ಮೆಲ್ಲಗೆ, ತಗ್ಗಿನ ಅಂಚಿನಿಂದ ನಡುವಿಗೆ ತಟ್ಟುತ್ತಾ ಬನ್ನಿ. ಜೋರಾಗಿ ಒಂದು ಏಟು ಕೊಟ್ಟರೆ ಲೋಹ ಹಿಗ್ಗಿ ಉಬ್ಬಾಗುತ್ತದೆ, ಉಬ್ಬು ತೆಗೆಯುವುದು ತಗ್ಗು ತೆಗೆಯುವುದಕ್ಕಿಂತ ಕಷ್ಟ. ಆಮೇಲೆ 400, 600, 800, 1000ರ ವಾಟರ್ ಪೇಪರ್, ಪ್ರತಿ ಸಲ ಹಿಂದಿನ ಗೀರು ಪೂರ್ತಿ ಹೋದ ಮೇಲೇ ಮುಂದಿನದು. ಕೊನೆಗೆ ಬಫ್. ಬಫಿಂಗ್ ಚಕ್ರ ಪಟ್ಟಿಯ ತುದಿಯನ್ನು ಕಚ್ಚಿಕೊಂಡರೆ ಕೈಯಿಂದ ಕಿತ್ತು ಎಸೆಯುತ್ತದೆ, ಪಟ್ಟಿಯನ್ನು ಮರದ ರೀಪಿಗೆ ಕಟ್ಟಿಕೊಂಡೇ ಹಿಡಿಯಿರಿ.

ಅಲ್ಯೂಮಿನಿಯಂ ಮೇಲೆ ಆನೊಡೈಸ್ ಪದರ (ಕರೆಂಟ್ ಹಾಯಿಸಿ ಬೆಳೆಸಿದ ಗಟ್ಟಿ ಆಕ್ಸೈಡ್ ಪದರ) ಇದ್ದರೆ ಎಷ್ಟು ಪಾಲಿಶ್ ಮಾಡಿದರೂ ಮಬ್ಬು ಹೋಗುವುದಿಲ್ಲ. ಕಾಸ್ಟಿಕ್‌ನಲ್ಲಿ ಆ ಪದರ ತೆಗೆದರೆ ಹೊಳೆಯುತ್ತದೆ, ಆದರೆ ತಿರುಗಿ ಆನೊಡೈಸ್ ಮಾಡಿಸದಿದ್ದರೆ ಮತ್ತೆ ಮಬ್ಬು. ಕಾಸ್ಟಿಕ್ ತೊಟ್ಟಿಯಲ್ಲಿ ಅಲ್ಯೂಮಿನಿಯಂ ಆಗಲಿ ಸತುವಾಗಲಿ ಹೆಚ್ಚು ಹೊತ್ತು ಬಿಟ್ಟರೆ ಕರಗಿಹೋಗುತ್ತದೆ. ಮೊನೊಗ್ರಾಂನ ಪೇಂಟು ತೆಗೆಯಲು ಬಂಪರಿನ ಜೊತೆ ಅದ್ದಿಸಬೇಡಿ.

ಬಂಪರಿಗೆ ಏನು ಕೇಳಬೇಕು ಅಂದರೆ: ಹಳೆಯ ಪದರ ತೆಗೆದು, ಗುಂಡಿಗಳನ್ನು ತೇಯ್ದು, ತಾಮ್ರ, ಅದರ ಮೇಲೆ ನಿಕಲ್, ಕೊನೆಗೆ ಕ್ರೋಮ್. ಹೊಳಪನ್ನೂ ಕಾಪನ್ನೂ ಕೊಡುವುದು ನಿಕಲ್. ಮೇಲಿನ ಕ್ರೋಮ್ ಒಂದು ಮೈಕ್ರಾನ್‌ಗೂ ಕಡಿಮೆ, ಬರೀ ನೀಲಿ ಛಾಯೆ ಮತ್ತು ಗಡಸುತನಕ್ಕೆ. ಅಗ್ಗದ ಕೆಲಸದಲ್ಲಿ ತಾಮ್ರ ಬಿಟ್ಟು ನಿಕಲ್ ತೆಳ್ಳಗೆ ಹಾಕುತ್ತಾರೆ, ಒಂದು ಮಳೆಗಾಲ ಕಳೆಯುವುದರೊಳಗೆ ಸಣ್ಣ ಕಂದು ಚುಕ್ಕೆಗಳು ಎದ್ದು ಬರುತ್ತವೆ. ಬೆಂಗಳೂರಿನ ಪೀಣ್ಯದಲ್ಲಿ ಪ್ಲೇಟಿಂಗ್ ಮಾಡುವ ಘಟಕಗಳು ಬೇಕಾದಷ್ಟಿವೆ, ಆದರೆ ಬಂಪರಿನಷ್ಟು ಉದ್ದದ ತೊಟ್ಟಿ ಎಲ್ಲರಲ್ಲೂ ಇರುವುದಿಲ್ಲ, ಮೊದಲೇ ಅಳತೆ ಹೇಳಿ ಕೇಳಿ. ಬಂಪರಿನ ಸೊಟ್ಟ ತೆಗೆಸುವ ಕೆಲಸ ಪ್ಲೇಟಿಂಗ್‌ಗೆ ಮುಂಚೆಯೇ ಆಗಬೇಕು, ಆಮೇಲೆ ತಟ್ಟಿದರೆ ನಿಕಲ್ ಬಿರುಕು ಬಿಡುತ್ತದೆ.

ಸ್ಪ್ರಿಂಗ್ ಕ್ಲಿಪ್ಪುಗಳನ್ನು ಪ್ಲೇಟಿಂಗ್‌ಗೆ ಕೊಡಬೇಡಿ. ಗಡಸು ಸ್ಪ್ರಿಂಗ್ ಉಕ್ಕು ಆಸಿಡ್‌ನಲ್ಲಿ ಹೈಡ್ರೋಜನ್ ಹೀರಿ ಪೆಡಸಾಗುತ್ತದೆ, ಒತ್ತುವಾಗ ಮುರಿಯುತ್ತದೆ. ಹೊಸದು ಹುಡುಕಿ. ಮೊಡವೆ ಎದ್ದ ಸತುವಿನ ಮೊನೊಗ್ರಾಂಗೆ ರೀಕ್ರೋಮ್ ಮಾಡಿಸುವುದು ನನ್ನ ಲೆಕ್ಕದಲ್ಲಿ ದಂಡ. ಪ್ರತಿ ಗುಂಡಿ ಕೊರೆದು ತಾಮ್ರ ತುಂಬಬೇಕು, ಅಕ್ಷರದ ಚೂಪು ಅಂಚೇ ಹೋಗುತ್ತದೆ. ಗುಜರಿಯಲ್ಲಿ ಅದಕ್ಕಿಂತ ಒಳ್ಳೆಯದು ಸಿಗುತ್ತದಾ ನೋಡಿ. ಹುಡುಕುವಾಗ ಒಂದು ಎಚ್ಚರ: ಮುಂಬೈನ ಕುರ್ಲಾ ಕಾರ್ಖಾನೆಯಿಂದ ಇದೇ ಬಾಡಿ ಮೊದಲು ಫಿಯಟ್ 1100 ಡಿಲೈಟ್, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್, 1974ರಿಂದ ಪದ್ಮಿನಿ ಅಂತ ಬಂತು. ಎಲ್ಲವನ್ನೂ "ಫಿಯಟ್ ಬೀಡಿಂಗ್" ಅಂತಲೇ ಮಾರುತ್ತಾರೆ. ನಿಮ್ಮ ಹಳೆಯ ತುಂಡು ಕೈಯಲ್ಲಿ ಹಿಡಿದುಕೊಂಡು ಹೋಗಿ ಅಗಲ, ತುದಿಯ ಕೊಯ್ತ ಎರಡನ್ನೂ ಹೊಂದಿಸಿ ನೋಡಿ.

ನಟ್ಟುಬೋಲ್ಟು:

ಟಿಂಕರ್ ಹತ್ತಿರ ಗಾಡಿ ಬಿಡುವ ಮುಂಚೆ ಇನ್ನೊಂದು ಕೆಲಸ ಉಳಿದಿದೆ. ಪ್ರತಿ ಪ್ಯಾನೆಲಿನ ಮೇಲೆ ಬಟರ್ ಪೇಪರ್ ಹಿಡಿದು ಕ್ಲಿಪ್ ತೂತುಗಳ ಮಧ್ಯಬಿಂದು, ಬಾಗಿಲಿನ ಅಂಚು, ಕೆಳಗಿನ ಏಣು ಮೂರನ್ನೂ ಗುರುತು ಹಾಕಿಕೊಳ್ಳಿ. ಪುಟ್ಟಿ ಹಾಕುವವರು ತೂತು ಮುಚ್ಚಿಬಿಡುತ್ತಾರೆ, ಕೆಲವೊಮ್ಮೆ ತುಕ್ಕು ತಿಂದ ಕಡೆ ಹೊಸ ತಗಡೇ ಕೂರಿಸುತ್ತಾರೆ. ಈ ಕಾಗದ ಇಲ್ಲದಿದ್ದರೆ ತೂತು ಎಲ್ಲಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಪೇಂಟ್ ಆದ ಮೇಲೆ ಡ್ರಿಲ್ ಹಿಡಿಯುವುದಕ್ಕಿಂತ ದುಬಾರಿ ಕೆಲಸ ಇಲ್ಲ. ಬಿಟ್ ಜಾರಿದರೆ ಗೀರು, ಜಾರದಿದ್ದರೂ ತೂತಿನ ಅಂಚು ಬರಿ ತಗಡು.

ಪ್ರೈಮರ್ ಆದ ಮೇಲೆ, ಬಣ್ಣಕ್ಕೆ ಮುಂಚೆ, ಎಲ್ಲ ಬೀಡಿಂಗನ್ನೂ ಒಮ್ಮೆ ಕೂರಿಸಿ ನೋಡಿ. ಇದನ್ನು ಪೇಂಟರ್ ತಾನಾಗಿ ಮಾಡುವುದಿಲ್ಲ, ನೀವು ನಿಂತು ಮಾಡಿಸಬೇಕು. ಪುಟ್ಟಿ ಎರಡು ಮಿಲಿಮೀಟರ್ ಏರಿದ್ದರೂ ಕ್ಲಿಪ್ಪಿನ ಕಾಲು ಒಳಗೆ ಅರಳುವುದಿಲ್ಲ, ಪಟ್ಟಿ ಹೊರಗೆ ನಿಲ್ಲುತ್ತೆ. ಬಾಗಿಲು ತಿರುಗಿ ಕೂರಿಸಿದಾಗ ಚೂರು ಇಳಿದಿದ್ದರೆ ಮಡ್‌ಗಾರ್ಡಿನ ಗೆರೆ, ಬಾಗಿಲಿನ ಗೆರೆ ಹೊಂದುವುದಿಲ್ಲ. ಹತ್ತು ಹೆಜ್ಜೆ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಮುಂದಿನಿಂದ ಹಿಂದಕ್ಕೆ ಕಣ್ಣು ಹಾಯಿಸಿ. ತಿದ್ದುವುದಾದರೆ ಬಾಗಿಲ ಕೀಲನ್ನು ಈಗಲೇ ತಿದ್ದಿ.

ಪೇಂಟರಿಗೆ ಹೇಳಿ, ತೂತಿನ ಒಳ ಅಂಚಿಗೂ ಪ್ರೈಮರ್ ಹೋಗಲಿ, ಗನ್ ತಲುಪದಿದ್ದರೆ ಸಣ್ಣ ಬ್ರಷ್. ತೂತಿನಲ್ಲಿ ಪೇಂಟು ತುಂಬಿಕೊಂಡಿದ್ದರೆ ಗುಂಡು ಅರದಲ್ಲಿ ಕೈಯಿಂದ ಬಿಡಿಸಿ ಮತ್ತೆ ಬ್ರಷ್ ಹಚ್ಚಿ. ಗಾಳಿಗೆ ಒಣಗುವ ಟೂ-ಕೆ ಆದರೆ ಮುಟ್ಟಿದರೆ ಗಟ್ಟಿ ಅನ್ನಿಸಿದರೂ ಕನಿಷ್ಠ ಒಂದು ವಾರ ಬೀಡಿಂಗ್ ಕೂರಿಸಬೇಡಿ, ಮೋಡದ ದಿನಗಳಾದರೆ ಇನ್ನೂ ಬಿಡಿ. ಹಸಿ ಪೇಂಟಿನ ಮೇಲೆ ಪಟ್ಟಿಯ ಅಂಚು ಒತ್ತಿದ ಗುರುತು ಹಾಗೇ ಉಳಿಯುತ್ತೆ.

ಕೂರಿಸುವಾಗ ಪ್ರತಿ ಕ್ಲಿಪ್ಪಿನ ಬುಡಕ್ಕೆ ಕಡಲೆ ಗಾತ್ರ ಬ್ಯೂಟೈಲ್ ಸೀಲರ್ (ರಬ್ಬರಿನಂಥ ಮೆತ್ತನೆಯ ಅಂಟು) ಇಟ್ಟು ಒತ್ತಿ, ತೂತಿನಿಂದ ನೀರು ಬಾಗಿಲೊಳಗೆ ಇಳಿಯುವುದಿಲ್ಲ. ಸಿಲಿಕೋನ್ ಸೀಲರ್ ಬೇಡ, ಕೆಲವು ಬಗೆ ವಿನೆಗರ್ ವಾಸನೆ ಬರುತ್ತೆ, ಅದು ತಗಡಿಗೆ ತುಕ್ಕು ತರುತ್ತೆ. ಅಂಗೈಗೆ ಬಟ್ಟೆ ಸುತ್ತಿ ಕ್ಲಿಪ್ಪಿನ ಮೇಲೆಯೇ ಒತ್ತಬೇಕು, ಸುತ್ತಿಗೆ ಬೇಡ. ತುದಿಯ ನಟ್ಟುಗಳನ್ನು ಬೆರಳಲ್ಲಿ ಬಿಗಿ ಮಾಡಿ ಅರ್ಧ ಸುತ್ತು ಸಾಕು. ಅದಕ್ಕಿಂತ ಎಳೆದರೆ ತಗಡು ಒಳಕ್ಕೆ ಹೋಗಿ ಹೊಸ ಬಣ್ಣದ ಮೇಲೆ ತಗ್ಗು ಕಾಣುತ್ತೆ.

ಮೈಸೂರು ಪದ್ಮಿನಿ:

ಬಟರ್ ಪೇಪರ್ ವಿಷಯ ಹೊಳೆದೇ ಇರಲಿಲ್ಲ. ಒಂದೇ ಅನುಮಾನ: ಬಾಗಿಲಿನ ತೂತು ತುಕ್ಕು ತಿಂದು ಬೆರಳು ಹೋಗುವಷ್ಟು ಅಗಲವಾಗಿದೆ, ಎರಡು ಕಡೆ. ಟಿಂಕರ್ "ಪುಟ್ಟಿ ತುಂಬಿ ತೂತು ಹಾಕ್ತೀನಿ" ಅಂತಾರೆ.

ಹುಬ್ಬಳ್ಳಿ ಟಿಂಕರ್:

ಬ್ಯಾಡ್ರಿ. ಪುಟ್ಟಿಗೆ ಕ್ಲಿಪ್ ಕಚ್ಚಂಗಿಲ್ಲ, ಅದುರಿ ಅದುರಿ ಉದುರತೈತಿ. ತುಕ್ಕು ಹಿಡದ ತಗಡು ಬೆಳ್ಳಗಾಗೋ ತನಕ ಕತ್ತರಿಸಿ, ಅಷ್ಟ ದಪ್ಪದ ತಗಡಿನ ಬಿಲ್ಲಿ ಕೂರಿಸಿ ವೆಲ್ಡ್ ಮಾಡ್ರಿ. ಒಂದ ಕಡೆ ಸುಡಬ್ಯಾಡ್ರಿ, ಎದುರುಬದುರು ಚುಕ್ಕಿ ಇಟ್ಟಂಗ ಇಡ್ರಿ, ನಡುವ ಒದ್ದಿ ಬಟ್ಟೀಲೆ ತಣ್ಣಗ ಮಾಡ್ರಿ, ಇಲ್ಲಾಂದ್ರ ಬಾಗ್ಲಾ ಅಲೆಅಲೆಯಾಗಿ ಸೊಟ್ಟ ಆಕ್ಕೈತಿ. ವೆಲ್ಡಿಂಗ್ ಮುಂಚೆ ಡೋರ್ ಪ್ಯಾಡು, ಒಳಗಿನ ಪ್ಲಾಸ್ಟಿಕ್ ಹಾಳಿ, ಗ್ಲಾಸು ಎಲ್ಲಾ ಹೊರಗ ತಗೀರಿ. ಬ್ಯಾಟ್ರಿ ವೈರನೂ ಬಿಚ್ಚಿ ಇಡ್ರಿ. ಆಮ್ಯಾಲ ನಿಮ್ಮ ಬಟರ್ ಪೇಪರ್ ಇಟ್ಟು ತೂತು ಹಾಕಿಸ್ರಿ.